ಪ್ರತಿಕ್ರಿಯೆ: ಫೀಲ್ಡ್ ಸಿಬ್ಬಂದಿ ಯಾಕೆ ನಿಲ್ಲುತ್ತಿಲ್ಲ?
ಕೆಲಸ ಸಾರ್ಥಕವಾಗಿದ್ದರೂ 14 ಜನರ ನಿಮ್ಮ ಕೈಮಗ್ಗ ಸಂಸ್ಥೆಯ ಫೀಲ್ಡ್ ಸಿಬ್ಬಂದಿ ವರ್ಷದೊಳಗೇ ಬಿಡುತ್ತಾರೆ ಅಂದಿರಿ. ಮೊದಲು ಪೆಟ್ರೋಲ್ ಬಿಲ್ ನೋಡಿ. ಕೈಯಿಂದ ಹಾಕಿದ ದುಡ್ಡು ಎರಡು ತಿಂಗಳು ತಡವಾಗಿ ಬಂದರೆ, ಅವರೇ ಸಂಸ್ಥೆಗೆ ಬಡ್ಡಿಯಿಲ್ಲದ ಸಾಲ ಕೊಟ್ಟಂತೆ! ತಿಂಗಳ 1ಕ್ಕೆ ಮುಂಗಡ ಕೊಟ್ಟು, ಕೊನೆಗೆ ಲೆಕ್ಕ ಹೊಂದಿಸಿ. ಸಂಬಳ ₹21,000 ಒಳಗಿದ್ದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಮಾಡಿಸಿ. ಸಂಸ್ಥೆಯ ಪಾಲು ಸಂಬಳದ ಶೇ 3.25, ಅವರದು ಶೇ 0.75.

ಇನ್ನು ಸಾರ್ಥಕತೆ. ನೇಕಾರರ ಮನೆಗೆ ಹೋಗಬೇಕಾದವರು ದಾನಿಗಳ ಎಕ್ಸೆಲ್ ತುಂಬುತ್ತ ಕೂತರೆ ಅದು ಎಲ್ಲಿ ಉಳಿದೀತು? ವರದಿಗೆ ವಾರಕ್ಕೆ ಅರ್ಧ ದಿನ ಸಾಕು. ಅವರು ನೇಯಿಸಿದ ಸೀರೆ ಎಷ್ಟಕ್ಕೆ ಹೋಯಿತು, ನೇಕಾರರಿಗೆ ಎಷ್ಟು ಸಿಕ್ಕಿತು ಎಂಬುದು ಅವರಿಗೂ ಗೊತ್ತಾಗಲಿ. ತೊಂದರೆ ಏನೆಂದು ಮೂರನೇ ತಿಂಗಳಲ್ಲೇ ಕೇಳಿ. ರಾಜೀನಾಮೆ ಕೊಟ್ಟ ಮೇಲೆ ಎಲ್ಲರೂ ‘ಮನೆ ಸಮಸ್ಯೆ’ ಅಂತಲೇ ಹೇಳೋದು.