ಕಲ್ಲಿನ ಗೋಡೆ ದಾಟದ ವೈಫೈ

ಪ್ರಶ್ನೆ: ಮೇಡಂ, ನಮ್ಮದು ಗುಳೇದಗುಡ್ಡದಲ್ಲಿ ಅಜ್ಜನ ಕಾಲದ ಕಲ್ಲಿನ ಮನೆ. ಗೋಡೆ ಎರಡು ಅಡಿ ದಪ್ಪ. ಫೈಬರ್ ಸಂಪರ್ಕ ಪಡಸಾಲೆಗೆ ಬಂದಿದೆ. ಅಲ್ಲಿ 90 ಎಂಬಿಪಿಎಸ್ ವೇಗ ಸಿಗುತ್ತದೆ, ಹಿಂದಿನ ಮಗ್ಗದ ಕೋಣೆಯಲ್ಲಿ 3 ಕೂಡ ಇಲ್ಲ. ಆ ಕೋಣೆಯಿಂದಲೇ ವಿಡಿಯೊ ಕರೆಯಲ್ಲಿ ಗಿರಾಕಿಗಳಿಗೆ ಖಣ ತೋರಿಸಬೇಕು. ಅಂಗಡಿಯವರು ಆರು ಆಂಟೆನಾದ ದುಬಾರಿ ರೂಟರ್ ಒಯ್ಯಿರಿ ಎನ್ನುತ್ತಾರೆ. ಕೊಳ್ಳಲೇ? ಕರೆಂಟ್ ಹೋದಾಗ ಏನು ಮಾಡಲಿ?
– ಓದುಗರು, ಗುಳೇದಗುಡ್ಡ

ಉತ್ತರ: ಕೊಳ್ಳಬೇಡಿ. ನಿಮ್ಮ ಪತ್ರ ಓದುವಾಗ ಬಾದಾಮಿಯ ನನ್ನ ತವರುಮನೆ ಕಣ್ಣ ಮುಂದೆ ಬಂತು. ಅಲ್ಲಿಯೂ ಕಲ್ಲಿನ ಗೋಡೆ, ಅಡುಗೆಮನೆಯಲ್ಲಿ ಅವ್ವನ ಮೊಬೈಲ್‌ಗೆ ವೈಫೈ ಸಿಗುತ್ತಿರಲಿಲ್ಲ. ನಾನು ಮೊದಲು ತಂದದ್ದು ರಿಪೀಟರ್, ಅಂದರೆ ಬಂದ ವೈಫೈ ಸಿಗ್ನಲ್ಲನ್ನೇ ಹಿಡಿದು ಮತ್ತೆ ಹರಡುವ ಪೆಟ್ಟಿಗೆ. ಅದನ್ನು ಸಿಗ್ನಲ್ ಇಲ್ಲದ ಅಡುಗೆಮನೆಯಲ್ಲೇ ಸಿಕ್ಕಿಸಿದೆ. ಮೊಬೈಲ್‌ನಲ್ಲಿ ಗೆರೆಗಳೇನೋ ತುಂಬಿದವು, ವೇಗ ಮಾತ್ರ ಹಾಗೆಯೇ ಉಳಿಯಿತು. ಬಾವಿಯಲ್ಲಿ ನೀರಿಲ್ಲದಿದ್ದರೆ ಕೊಡ ಬದಲಿಸಿ ಏನು ಬಂತು?

ಆಂಟೆನಾದ ಮಾತೂ ಅಷ್ಟೇ. ರೂಟರ್ ಎಷ್ಟೇ ಗಟ್ಟಿಯಾಗಿ ಕೂಗಲಿ, ಮೊಬೈಲ್ ಅದೇ ಗೋಡೆಯಾಚೆಯಿಂದ ಉತ್ತರ ಕೊಡಬೇಕಲ್ಲವೇ? ನಿಮ್ಮ ಖಣದ ಚಿತ್ರ ಹೋಗುವುದು ಮೊಬೈಲ್‌ನಿಂದ ರೂಟರ್ ಕಡೆಗೆ, ಮೊಬೈಲ್‌ನ ದನಿಯೋ ಚಿಕ್ಕದು. ವೈಫೈನ ಅಲೆಗಳಲ್ಲಿ 5 ಗಿಗಾಹರ್ಟ್ಸ್ ಅಲೆ ಹೆಚ್ಚು ವೇಗ ಕೊಡುತ್ತದೆ, ಕಲ್ಲಿನೆದುರು ಬೇಗ ಸೋಲುತ್ತದೆ. 2.4 ಗಿಗಾಹರ್ಟ್ಸ್ ಕೊಂಚ ಮುಂದೆ ಹೋದೀತು, ಆದರೆ ಎರಡು ಅಡಿ ಕಲ್ಲು ಅದಕ್ಕೂ ಕಷ್ಟ. ಮೆಶ್ (ಹಲವು ಪೆಟ್ಟಿಗೆಗಳನ್ನಿಟ್ಟು ಮನೆಯಲ್ಲೆಲ್ಲ ಒಂದೇ ವೈಫೈ ಹರಡುವ ಏರ್ಪಾಡು) ಕೂಡ ತಂತಿಯಿಲ್ಲದೆ ಜೋಡಿಸಿದರೆ ಅದೇ ಗೋಡೆಯನ್ನು ದಾಟಬೇಕು.

ಪಡಸಾಲೆಯ ರೂಟರ್‌ನಿಂದ ಮಗ್ಗದ ಕೋಣೆಗೆ ತಂತಿ ಎಳೆಯಿರಿ, ಅದರ ತುದಿಗೆ ಇನ್ನೊಂದು ರೂಟರ್ ಇಡಿ. ಬಾದಾಮಿಯಲ್ಲಿ ನಾನು ಗೋಡೆ ಕೊರೆಸಲಿಲ್ಲ. ಬಾಗಿಲ ಚೌಕಟ್ಟಿನ ಮೇಲೆ ಹಳೆಯ ವಿದ್ಯುತ್ ತಂತಿ ಹಾದುಹೋಗಿದ್ದ ಸಂದಿಯೊಂದು ಖಾಲಿ ಇತ್ತು. ಅದರೊಳಗಿಂದ ಕೇಬಲ್ ತೂರಿಸಿ, ತೊಲೆಯ ಗುಂಟ ಒಯ್ದು ಮೊಳೆಕ್ಲಿಪ್ಪು ಹೊಡೆಸಿದೆ. ಮಾಳಿಗೆಯ ಮೇಲಿಂದ ಎಳೆಯುವುದು ಸುಲಭ ಎನ್ನುವವರ ಮಾತು ಕೇಳಬೇಡಿ. ರೋಹಿಣಿ ಮಳೆಯ ಸಿಡಿಲು ಹತ್ತಿರದಲ್ಲಿ ಬಡಿದರೂ ಆ ಕೇಬಲ್ ಮೂಲಕ ಎರಡೂ ತುದಿಯ ರೂಟರ್‌ಗಳು ಸುಟ್ಟಾವು.

ಕ್ಯಾಟ್ 6 ಎಂಬ ನೆಟ್‌ವರ್ಕ್ ಕೇಬಲ್ ತೆಗೆದುಕೊಳ್ಳಿ, 100 ಮೀಟರ್‌ವರೆಗೂ ಗಿಗಾಬಿಟ್ (1,000 ಎಂಬಿಪಿಎಸ್) ವೇಗ ಒಯ್ಯುತ್ತದೆ. ಅಂಗಡಿಯಲ್ಲೇ ತುದಿ ಸುಲಿಸಿ ನೋಡಿ. ಎರಡೆರಡಾಗಿ ಹೊಸೆದ ಎಂಟು ಎಳೆಗಳಿರುತ್ತವೆ. ಒಂದನ್ನು ಬ್ಲೇಡಿನಿಂದ ಕೆರೆಯಿರಿ. ಕೆರೆದಲ್ಲಿಯೂ ಕೆಂಪಗೇ ಇದ್ದರೆ ತಾಮ್ರ. ಬೆಳ್ಳಗೆ ಹೊಳೆದರೆ ತಾಮ್ರ ಬಳಿದ ಅಲ್ಯೂಮಿನಿಯಂ, ಅಲ್ಲೇ ಬಿಟ್ಟು ಬನ್ನಿ. ಎಳೆ ಮುಟ್ಟಿ ನೂಲಿನ ಗುಣ ಹೇಳುವ ನಿಮಗೆ ಇದು ಕಷ್ಟವಾಗದು.

ಮಗ್ಗದ ಕೋಣೆಗೆ ವೈಫೈ 6 (ವೈಫೈನ ಆರನೆಯ ತಲೆಮಾರು) ಮತ್ತು ಗಿಗಾಬಿಟ್ ಪೋರ್ಟ್ ಇರುವ ಸಾಧಾರಣ ರೂಟರ್ ಸಾಕು. ಕೊಳ್ಳುವಾಗ ‘ಆಕ್ಸೆಸ್ ಪಾಯಿಂಟ್’ ಮೋಡ್ ಇದೆಯೇ ಎಂದು ಕೇಳಿ, ಮನೆಯಲ್ಲಿ ಅದನ್ನೇ ಆರಿಸಿ. ಆಗ ಉಪಕರಣಗಳಿಗೆ ವಿಳಾಸ ಹಂಚುವ ಕೆಲಸ ಪಡಸಾಲೆಯ ಪೆಟ್ಟಿಗೆಯದೇ ಆಗಿರುತ್ತದೆ, ಎರಡು ರೂಟರ್‌ಗಳ ನಡುವೆ ಗೊಂದಲವಿರದು. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಡಿ. ಒಂದರ ಅಲೆ ಇನ್ನೊಂದಕ್ಕೆ ಅಡ್ಡ ಬರದಂತೆ 2.4 ಗಿಗಾಹರ್ಟ್ಸ್‌ನಲ್ಲಿ ಒಂದನ್ನು ಚಾನೆಲ್ 1ಕ್ಕೆ, ಇನ್ನೊಂದನ್ನು 11ಕ್ಕೆ ಇಡಿ. ರೂಟರನ್ನು ಕಬ್ಬಿಣದ ಕಪಾಟಿನ ಹಿಂದೆ ಮಾತ್ರ ಇಡಬೇಡಿ.

ಕರೆಂಟ್ ಹೋದಾಗ ಮಿನಿ ಯುಪಿಎಸ್ (ರೂಟರ್‌ಗೆ ಬ್ಯಾಟರಿಯಿಂದ ವಿದ್ಯುತ್ ಕೊಡುವ ಪುಟ್ಟ ಪೆಟ್ಟಿಗೆ) ಸಾಕು. ರೂಟರ್‌ನ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಯುಪಿಎಸ್‌ಗೆ ಹೊಂದಬೇಕು, ಅಲ್ಲಿರುವ ಆಂಪಿಯರ್‌ನಷ್ಟನ್ನಾದರೂ ಯುಪಿಎಸ್ ಕೊಡುವಂತಿರಬೇಕು. ಪಡಸಾಲೆಯ ಪೆಟ್ಟಿಗೆಗೂ ಮಗ್ಗದ ಕೋಣೆಯ ರೂಟರ್‌ಗೂ ಒಂದೊಂದು ಹಾಕಿಸಿ. ಒಂದಕ್ಕೆ ಮಾತ್ರ ಇದ್ದರೆ ಗಿರಾಕಿ ಖಣದ ಅಂಚು ನೋಡುತ್ತಿರುವಾಗಲೇ ಕರೆ ಕಡಿದುಹೋಗುತ್ತದೆ.