ತ್ರಿತ್ವನ ಕಾನ್‌ಸ್ಟಂಟೈನ್ ಚಕ್ರವರ್ತಿ ಹುಟ್ಟುಹಾಕಿದ್ದಾ?

ಪ್ರಶ್ನೆ: ಸರ್, ತಂದೆ, ಮಗ, ಪವಿತ್ರಾತ್ಮ ಮೂರೂ ಸೇರಿ ಒಬ್ಬನೇ ದೇವರು ಅನ್ನೋದು ಮೊದಲ ಕ್ರೈಸ್ತರಿಗೆ ಗೊತ್ತೇ ಇರ್ಲಿಲ್ಲ, 325ರಲ್ಲಿ ಕಾನ್‌ಸ್ಟಂಟೈನ್ ನೈಸಿಯಾದಲ್ಲಿ (ಇವತ್ತಿನ ಟರ್ಕಿಯ ಒಂದು ಊರು) ಬಿಷಪ್‌ಗಳ ಸಭೆ ಕರೆದು ವೋಟ್ ಹಾಕ್ಸಿ ತಂದಿದ್ದು ಅಂತ ಒಂದು ವಿಡಿಯೋದಲ್ಲಿ ನೋಡ್ದೆ. ನಿಜಾನಾ?

ಉತ್ತರ: ಅರ್ಧ ಕಥೆ ಅದು. ನೈಸಿಯಾಗಿಂತ 200 ವರ್ಷ ಮುಂಚೆನೇ, ಸುಮಾರು 112ರಲ್ಲಿ, ಪ್ಲಿನಿ ಅನ್ನೋ ರೋಮನ್ ಗವರ್ನರ್ (ಕ್ರೈಸ್ತ ಅಲ್ಲ, ಅವರನ್ನ ಹಿಡಿಸಿ ವಿಚಾರಣೆ ಮಾಡ್ತಿದ್ದವನು) ಚಕ್ರವರ್ತಿಗೆ ಪತ್ರ ಬರೆದು, ಈ ಜನ ಬೆಳಕು ಹರಿಯೋ ಮುಂಚೆ ಸೇರಿ ಕ್ರಿಸ್ತನನ್ನ ದೇವರು ಅನ್ನೋ ಥರ ಹಾಡಿ ಸ್ತುತಿಸ್ತಾರೆ ಅಂತಾನೆ. ಬೈಬಲ್‌ನ ಮತ್ತಾಯ 28:19ರಲ್ಲಿ ದೀಕ್ಷಾಸ್ನಾನನೂ ಮೂವರ ಹೆಸರಲ್ಲೇ. ಅಂದ್ರೆ ಆರಾಧನೆ ಮೊದ್ಲು ಬಂತು, ಅದಕ್ಕೆ ವಿವರಣೆ ಹುಡುಕೋ ಕೆಲಸ ಆಮೇಲೆ ಶುರುವಾಯ್ತು, ದೇವರು ಒಬ್ಬನೇ ಅಂತ ಪಟ್ಟು ಹಿಡಿದವ್ರು ಯೇಸುನೂ ಆರಾಧಿಸಿದ್ರೆ ಇಬ್ಬರಾಗ್ಲಿಲ್ವಾ ಅಂತ ಯಾರಾದ್ರೂ ಕೇಳೇ ಕೇಳ್ತಾರಲ್ಲ.

ಉತ್ತರ ಮಾತ್ರ ಒಬ್ಬೊಬ್ಬರದ್ದು ಒಂದೊಂದು. 150ರ ದಶಕದಲ್ಲಿ ಜಸ್ಟಿನ್ ಅನ್ನೋ ಕ್ರೈಸ್ತ ಲೇಖಕ ಮಗನಿಗೆ ಎರಡನೇ ಸ್ಥಾನ, ಆತ್ಮಕ್ಕೆ ಮೂರನೇದು ಅಂತ ಬರೀತಾನೆ. ತಂದೆನೇ ಮಗನಾಗಿ ಬಂದಿದ್ದು, ಇಬ್ಬರಿಲ್ಲ ಅಂದವ್ರೂ ಇದ್ರು. ಅವರ ಮೇಲೆ ರೇಗಿ ಉತ್ತರ ಆಫ್ರಿಕಾದ ಕಾರ್ತೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ 213ರ ಸುಮಾರಿಗೆ ವ್ಯಕ್ತಿ ಮೂರು, ಸತ್ವ (ಅಂದ್ರೆ ಮೂಲ ಸ್ವರೂಪ) ಒಂದೇ ಅಂತ ವಾದ ಮಾಡ್ದ. ಆದ್ರೆ ಅವನೂ ತಂದೆನೇ ಪೂರ್ಣ ಸತ್ವ, ಮಗ ಅದರದೊಂದು ಭಾಗ ಅಂದವನೇ, ಇವತ್ತಿನ ಚರ್ಚ್‌ನಲ್ಲಿ ಹಾಗಂದ್ರೆ ಪಾಸಾಗೋದು ಕಷ್ಟ!

ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಪಾದ್ರಿ ಏರಿಯಸ್ ಇನ್ನೂ ಮುಂದೆ ಹೋಗಿ ಮಗನೂ ಸೃಷ್ಟಿನೇ ಅಂದಾಗ ಜಗಳ ಜೋರಾಯ್ತು. ಕಾನ್‌ಸ್ಟಂಟೈನ್ ಸಭೆ ಕರೆದದ್ದು ನಿಜ, ಸಭೆಯ ತೀರ್ಮಾನಕ್ಕೆ ಸಹಿ ಹಾಕದವರನ್ನ ಗಡಿಪಾರು ಮಾಡಿದ್ದೂ ನಿಜ. ಆದ್ರೆ ನೈಸಿಯಾ ತೀರ್ಮಾನ ತಂದೆ ಮಗ ಒಂದೇ ಸತ್ವ ಅನ್ನೋದಷ್ಟೇ, ಪವಿತ್ರಾತ್ಮನ ಬಗ್ಗೆ ನಂಬ್ತೀವಿ ಅಂತ ಬರೀ ಒಂದು ಮಾತು. ತಮಾಷೆ ಅಂದ್ರೆ 337ರಲ್ಲಿ ಸಾಯೋ ಮುಂಚೆ ಕಾನ್‌ಸ್ಟಂಟೈನ್ ದೀಕ್ಷಾಸ್ನಾನ ತಗೊಂಡಿದ್ದು ಏರಿಯಸ್‌ಗೆ ಸಪೋರ್ಟ್ ಮಾಡ್ತಿದ್ದ ಬಿಷಪ್ ಕೈಯಲ್ಲಿ, ನೈಸಿಯಾ ಪರ ನಿಂತ ಅಲೆಕ್ಸಾಂಡ್ರಿಯಾದ ಬಿಷಪ್ ಅಥನಾಸಿಯಸ್ 5 ಸಲ ಗಡಿಪಾರಾದ. ರಾಜ ಹೇಳಿದ್ದೇ ಫೈನಲ್ ಆಗಿದ್ರೆ ಏರಿಯಸ್ ಕಡೆನೇ ಗೆಲ್ಬೇಕಿತ್ತು.

ಆತ್ಮನೂ ತಂದೆ ಮಗನ ಜೊತೆ ಆರಾಧನೆಗೆ ಅರ್ಹ ಅಂತ ಚರ್ಚ್‌ನ ನಂಬಿಕೆಯ ಹೇಳಿಕೆಗೆ ಸೇರಿದ್ದು ಬೇಸಿಲ್ ಮತ್ತೆ ಗ್ರೆಗೊರಿ ಅನ್ನೋ ಹೆಸರಿನ ಇಬ್ಬರು, ಹೀಗೆ ಮೂವರು ಬಿಷಪ್‌ಗಳ ವಾದ ಆದ್ಮೇಲೆ, 381ರ ಕಾನ್‌ಸ್ಟಾಂಟಿನೋಪಲ್ ಸಭೆ ಹೊತ್ತಿಗೆ. ಆಗಲೂ ಎಲ್ರೂ ಒಪ್ಪಲಿಲ್ಲ, ಸ್ಪೇನ್ ಆಳ್ತಿದ್ದ ಗಾಥ್ ಅನ್ನೋ ಜರ್ಮನಿಕ್ ಜನ ಏರಿಯಸ್ ಪಂಥ ಅಧಿಕೃತವಾಗಿ ಬಿಟ್ಟಿದ್ದು 589ರ ತೊಲೆಡೊ ಸಭೆಯಲ್ಲಿ.