ಓನರ್ ಆಂಟಿಗೆ ಜೈಲಿನ ವಿಷಯ ಹೇಳಬೇಕಾ?

ಪ್ರಶ್ನೆ: ಮೇಡಂ, ಊರಲ್ಲಿ ಬದುವಿನ ಜಗಳವಾಗಿ ನಮ್ಮ ಯಜಮಾನರು ಚಿಕ್ಕಪ್ಪನ ಮಗನಿಗೆ ಮಚ್ಚಿನಲ್ಲಿ ಹೊಡೆದು 5 ವರ್ಷ ಜೈಲಿನಲ್ಲಿದ್ದರು. ಹೊರಗೆ ಬಂದು ಒಂದು ವರ್ಷವಾಯಿತು. ಒಳಗೆ ಕಲಿತ ಬಡಗಿ ಕೆಲಸವೇ ಈಗ ಅನ್ನ ಹಾಕುತ್ತಿದೆ. ಮೈಸೂರಿನಲ್ಲಿ ಎರಡು ಮನೆ ನೋಡಿದೆವು. ಗೇಟಿನ ಹತ್ತಿರವೇ ನಿಜ ಹೇಳಿಬಿಟ್ಟೆವು. ಎರಡೂ ಕಡೆ ‘ನಮ್ಮ ನೆಂಟರೇ ಬರ್ತಿದ್ದಾರೆ’ ಅಂದರು. ಮೂರನೆಯದು ಹೂಟಗಳ್ಳಿಯಲ್ಲಿ. ಓನರ್ ಆಂಟಿ ಕೆಳಗಡೆಯೇ ಇದ್ದಾರೆ, ಒಳ್ಳೆಯವರು. 5,000 ಟೋಕನ್ ಕೊಟ್ಟಿದ್ದೇವೆ, ಸೋಮವಾರ ಅಗ್ರಿಮೆಂಟ್. ಇವರಿಗೆ ಏನೂ ಹೇಳಿಲ್ಲ. ನನ್ನ ತಮ್ಮ ‘ಸುಮ್ನೆ ನನ್ನ ಹೆಸರಲ್ಲಿ ಮಾಡಿಸೋಣ’ ಅನ್ನುತ್ತಾನೆ. ಬ್ರೋಕರ್ ಒಬ್ಬ ‘ಜೈಲಿಗೆ ಹೋದವರ ಲಿಸ್ಟ್ ಇರುತ್ತೆ, ಓನರ್‌ಗಳು ನೋಡ್ತಾರೆ’ ಅಂತ ಹೆದರಿಸಿದ್ದಾನೆ. ಮಗಳಿಗೆ ಒಂಬತ್ತು. ಅಪ್ಪ ದುಬೈನಲ್ಲಿದ್ದರು ಅಂತ ನಂಬಿದ್ದಾಳೆ.
– ಹೆಸರು ಬೇಡ, ಮೈಸೂರು

ಉತ್ತರ: ತಂಗಿ, ಮೊದಲು ಆ ಬ್ರೋಕರ್ ಮಾತನ್ನು ಪಕ್ಕಕ್ಕಿಡಿ. ಅಮೆರಿಕದಲ್ಲಿ ಲೈಂಗಿಕ ಅಪರಾಧ ಮಾಡಿದವರ ಹೆಸರು, ಫೋಟೊಗಳನ್ನು ಯಾರು ಬೇಕಾದರೂ ನೋಡಬಹುದು. ಅದನ್ನು ಎಲ್ಲೋ ಕೇಳಿಕೊಂಡು ಬಂದಿರಬೇಕು. ನಮ್ಮಲ್ಲೂ 2018ರಿಂದ ಅಂಥ ಪಟ್ಟಿ ಇದೆ. ಆದರೆ ಅದು ಪೊಲೀಸರ ಕೆಲಸಕ್ಕೆ, ಓನರ್‌ಗಳ ಕೈಗೆ ಸಿಗುವುದಿಲ್ಲ. ನಿಮ್ಮವರ ಕೇಸು ಆ ಬಗೆಯದೇ ಅಲ್ಲ.

ಹಾಗಂತ ವಿಷಯ ಮುಚ್ಚಿಡಬಹುದು ಅಂದುಕೊಳ್ಳಬೇಡಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಜಿಲ್ಲೆ, ಕೋರ್ಟು ಆರಿಸಿ ಹೆಸರು ಹೊಡೆದರೆ ಕೇಸು ಸಿಗುತ್ತದೆ. ಆಂಟಿಗೆ ಅದು ಬರದಿರಬಹುದು, ಅವರ ಮಗನಿಗೋ ಅಳಿಯನಿಗೋ ಬರುತ್ತದೆ. ಪೊಲೀಸ್ ವೆರಿಫಿಕೇಶನ್ ಮಾಡಿಸಿ ಅಂದರಂತೂ ಮುಗಿಯಿತು.

ನಾನೂ ಮೇಲ್ಮನೆ ಬಾಡಿಗೆಗೆ ಕೊಟ್ಟವಳೇ. ನಾವು ಓನರ್‌ಗಳು ಮೊದಲು ಕೇಳುವುದು ‘ವೆಜ್ಜಾ, ನಾನ್‌ವೆಜ್ಜಾ’, ಆಮೇಲೆ ‘ಎಷ್ಟು ಜನ’, ಆಮೇಲೆ ನೀರು ಜಾಸ್ತಿ ಬಿಡಬೇಡಿ ಅನ್ನುವ ಪುರಾಣ. ಜೈಲಿಗೆ ಹೋಗಿದ್ದೀರಾ ಅಂತ ಯಾರೂ ಕೇಳುವುದಿಲ್ಲ. ಕೇಳದಿದ್ದರೆ ನೀವಾಗಿ ಹೇಳಲೇಬೇಕು ಅಂತ ಕಾನೂನೂ ಇಲ್ಲ. ಆದರೆ ಒಬ್ಬರು ಕೆಳಗೆ, ಒಬ್ಬರು ಮೇಲೆ ಇರುವ ಮನೆಯಲ್ಲಿ ಇದು ಬರೀ ಕಾನೂನಿನ ಮಾತಲ್ಲ. ಒಮ್ಮೆ ನನ್ನ ಬಾಡಿಗೆಯವರು ಒಂದು ಸಣ್ಣ ವಿಷಯ ಮುಚ್ಚಿಟ್ಟಿದ್ದರು. ಗೊತ್ತಾದ ಮೇಲೆ ಅವರು ಮೆಟ್ಟಿಲು ಹತ್ತುವ ಸದ್ದು ಕೇಳಿದರೂ ನನಗೆ ಅನುಮಾನ. ತಪ್ಪು ನನ್ನದೂ ಇತ್ತು, ಇರಲಿ.

ತಮ್ಮನ ಉಪಾಯ ಖಂಡಿತ ಬೇಡ. ಬಹಳಷ್ಟು ಅಗ್ರಿಮೆಂಟ್‌ಗಳಲ್ಲಿ ಬೇರೆಯವರನ್ನು ಇರಿಸಕೂಡದು ಅಂತ ಒಂದು ಸಾಲು ಇದ್ದೇ ಇರುತ್ತದೆ. ಇರುವವರು ನೀವು, ಕಾಗದದಲ್ಲಿ ಅವನು ಅಂದರೆ ಮೊದಲ ದಿನವೇ ಅದನ್ನು ಮುರಿದ ಹಾಗೆ. ಮೋಸದಿಂದ ಮಾಡಿಸಿಕೊಂಡ ಕರಾರನ್ನು ರದ್ದು ಮಾಡಿಸುವ ಹಕ್ಕು 1872ರ ಕರಾರು ಕಾಯ್ದೆಯಲ್ಲೇ ಇದೆ. ನಾಳೆ ಅಡ್ವಾನ್ಸ್ ವಾಪಸ್ ಕೇಳಬೇಕಾದವನೂ ಅವನೇ, ನೀವಲ್ಲ.

ಸೋಮವಾರದವರೆಗೆ ಕಾಯದೆ ಭಾನುವಾರವೇ ಇಬ್ಬರೂ ಹೋಗಿ. ಫೋನಿನಲ್ಲಿ ಬೇಡ, ಗೇಟಿನಲ್ಲೂ ಬೇಡ. ಹಿಂದಿನ ಎರಡು ಮನೆ ತಪ್ಪಿದ್ದು ಅಲ್ಲೇ ಅನ್ನಿಸುತ್ತದೆ. ನಿಮ್ಮ ಮುಖ ಪರಿಚಯ ಆಗುವ ಮೊದಲೇ ಅವರಿಗೆ ಮಚ್ಚಿನ ಪರಿಚಯ ಆಯಿತು. ಈ ಆಂಟಿ ನಿಮ್ಮನ್ನು ಸ್ವಲ್ಪ ಕಂಡಿದ್ದಾರೆ. ಒಳಗೆ ಕೂತ ಮೇಲೆ ಯಜಮಾನರೇ ಬಾಯಿ ಬಿಡಲಿ. ‘ಜಮೀನಿನ ಜಗಳದಲ್ಲಿ ದಾಯಾದಿಗೆ ಹೊಡೆದೆ. ತಪ್ಪು ನನ್ನದೇ. ಶಿಕ್ಷೆ ಮುಗಿಸಿ ಬಂದು ಒಂದು ವರ್ಷವಾಯಿತು. ಇಂಥ ಕಡೆ ಬಡಗಿ ಕೆಲಸ ಮಾಡುತ್ತಿದ್ದೇನೆ.’ ಇಷ್ಟೇ ಸಾಕು. ‘ಅವನೇ ಮೊದಲು ಕೈ ಮಾಡಿದ್ದು’ ಅಂತ ಶುರು ಮಾಡಿದರೆ ಕೆಟ್ಟಿತು. ಕೇಳುವವರಿಗೆ ಹಳೇ ಸಿಟ್ಟು ಇನ್ನೂ ಆರಿಲ್ಲ ಅನ್ನಿಸುತ್ತದೆ. ಬಿಡುಗಡೆಯ ಕಾಗದ ಜೊತೆಗಿರಲಿ. ಕೆಲಸ ಕೊಟ್ಟವರು ಜೊತೆಗೆ ಬಂದರೆ ಇನ್ನೂ ಒಳ್ಳೆಯದು. ಬರಲಾಗದಿದ್ದರೆ ಆಂಟಿ ಜೊತೆ ಫೋನಿನಲ್ಲಾದರೂ ಎರಡು ಮಾತಾಡಲಿ.

ಆಂಟಿ ಒಂದು ದಿನ ಯೋಚಿಸುತ್ತೇನೆ ಅಂದರೆ ಬಿಟ್ಟುಬಿಡಿ. ಬೇಡ ಅಂದರೆ ಟೋಕನ್ ವಾಪಸ್ ಪಡೆದು ಬನ್ನಿ. ಇಂಥ ಕಾರಣಕ್ಕೆ ಮನೆ ನಿರಾಕರಿಸಬಾರದು ಅಂತ ನಮ್ಮಲ್ಲಿ ಕಾನೂನಿಲ್ಲ. ಅವರ ಹೆದರಿಕೆಯೂ ಸುಳ್ಳಲ್ಲ. ಅಡ್ವಾನ್ಸ್ ಸ್ವಲ್ಪ ಜಾಸ್ತಿ ಕೇಳಿದರೆ ಬ್ಯಾಂಕ್ ಮೂಲಕ ಕೊಟ್ಟು ಅಗ್ರಿಮೆಂಟಿನಲ್ಲಿ ಬರೆಸಿ, ಅದು ತಿರುಗಿ ಬರುವ ದುಡ್ಡು. ಬಾಡಿಗೆ ಜಾಸ್ತಿ ಮಾಡಿದರೆ ಮಾತ್ರ ಒಪ್ಪಬೇಡಿ. ಸೇರಿಕೊಂಡ ಮೇಲೆ ಯಾರಾದರೂ ಸಾಮಾನು ಹೊರಗೆ ಹಾಕುತ್ತೇವೆ ಅಂದರೆ 15100ಕ್ಕೆ ಫೋನ್ ಮಾಡಿ. ಕಾನೂನು ಸೇವೆಗಳ ಪ್ರಾಧಿಕಾರದ ನಂಬರ್ ಅದು. ಹೆಂಗಸರಿಗೆ ವಕೀಲರ ಸಹಾಯ ಉಚಿತ.

ಮಗಳ ವಿಷಯ. ಆಂಟಿಗೆ ಹೇಳಿದ ಮೇಲೆ ಅದು ಮೆಟ್ಟಿಲಿನಲ್ಲೋ ನಲ್ಲಿ ಹತ್ತಿರವೋ ಅವಳ ಕಿವಿಗೂ ಬೀಳಬಹುದು. ಮನೆ ಬದಲಾಯಿಸುವ ಮೊದಲೇ, ಅವಳಿಗೆ ಅರ್ಥವಾಗುವಷ್ಟು, ಅಪ್ಪನೇ ಹೇಳಲಿ. ಅವಳಿಗೆ ಏನೂ ಗೊತ್ತಿಲ್ಲ ಅಂತ ನನಗಂತೂ ಅನ್ನಿಸುವುದಿಲ್ಲ. ದುಬೈನಿಂದ ಬಂದ ಅಪ್ಪ ಒಂದು ಚಾಕೊಲೇಟ್ ಡಬ್ಬಿಯನ್ನೂ ತರಲಿಲ್ಲ, ಅಲ್ವಾ?